ಕ್ಲಿಕ್ಕು ಮನ್ಮನೆಯಲ್ಲಿ, ಲಾಭ ಐರ್ಲೆಂಡಿನಲ್ಲಿ

ಮನ್ಮನೆಯ ಅಡಿಕೆ ಶಿರಸಿ ಪೇಟೆಗೆ ಬಂದರೆ ತೂಕ, ಟೆಂಡರು, ಪಟ್ಟಿ ಎಲ್ಲಾ ಅಲ್ಲೇ. ಕೊಳ್ಳುವ ವ್ಯಾಪಾರಿಗೆ ಅಲ್ಲೊಂದು ಅಂಗಡಿ ಇರ್ತದೆ, ಲಾಭಕ್ಕೆ ಇಲ್ಲೇ ಆದಾಯ ತೆರಿಗೆ. (ತಪ್ಪಿಸೋರೂ ಇದ್ದಾರೆ ಬಿಡಿ, ಆದರೆ ಅದಕ್ಕೆ ಕಳ್ಳ ಲೆಕ್ಕ ಅಂತಲೇ ಹೆಸರು.) ಅದೇ ಊರಿನ ಹೋಮ್‌ಸ್ಟೇಯವರು ಗೂಗಲ್‌ಗೆ ಜಾಹೀರಾತು ಕೊಟ್ಟರೆ? ದುಡ್ಡು ಕೊಟ್ಟವರು, ನೋಡಿದವರು, ಕ್ಲಿಕ್ ಮಾಡಿದವರು ಎಲ್ಲಾ ಇಲ್ಲಿಯವರೇ. ಲಾಭ ಎಲ್ಲಿ ಹುಟ್ಟಿತು ಅನ್ನೋದು ಮಾತ್ರ ಕಾಗದದ ಮೇಲೆ ತೀರ್ಮಾನವಾಗ್ತದೆ.

ಇದು ಬೆಂಗಳೂರಿನಲ್ಲೇ ವರ್ಷಗಟ್ಟಲೆ ನಡೆದ ಕೇಸು. ಗೂಗಲ್ ಇಂಡಿಯಾ ಇಲ್ಲಿ ಜಾಹೀರಾತಿನ ಜಾಗ ಮಾರುವ ಬರೀ ವಿತರಕ, ಸರಕು ಗೂಗಲ್ ಐರ್ಲೆಂಡ್‌ನದ್ದು. 2007-08ರಿಂದ 2012-13ರವರೆಗೆ ಹೀಗೆ ಐರ್ಲೆಂಡಿನ ಲೆಕ್ಕಕ್ಕೆ ಹೋದದ್ದು 1,457 ಕೋಟಿ ರೂಪಾಯಿ. ಇದು ರಾಯಲ್ಟಿ, ಟಿಡಿಎಸ್ ಕಟ್ ಮಾಡಬೇಕಿತ್ತು ಎಂದಿತು ಆದಾಯ ತೆರಿಗೆ ಇಲಾಖೆ. 2017ರಲ್ಲಿ ಬೆಂಗಳೂರಿನ ತೆರಿಗೆ ನ್ಯಾಯಮಂಡಳಿ ಹೌದೆಂದಿತು. 2021ರಲ್ಲಿ ಹೈಕೋರ್ಟು ಕೇಸನ್ನು ವಾಪಸ್ ಕಳಿಸಿತು. 2022ರಲ್ಲಿ ಅದೇ ಮಂಡಳಿ, ರಾಯಲ್ಟಿ ಅಲ್ಲ ಎಂದಿತು. ರಾಯಲ್ಟಿ ಅಲ್ಲದಿದ್ದರೆ ಅದು ವ್ಯಾಪಾರದ ಲಾಭ. ಅದಕ್ಕೆ ತೆರಿಗೆ ಹಾಕಬೇಕಾದರೆ ಕಂಪನಿಗೆ ಇಲ್ಲೊಂದು 'ಕಾಯಂ ನೆಲೆ' ಇರಬೇಕು. ಕಾರ್ಖಾನೆ, ಗೋದಾಮುಗಳ ಕಾಲದ ನಿಯಮ ಮಾರಾಯ್ರೆ, ಸರ್ವರಿಗೂ ಅದೇ!

ಐರ್ಲೆಂಡಿನಲ್ಲಿ ಲಾಭದ ಮೇಲೆ ತೆರಿಗೆ ಶೇ. 12.5 ಇತ್ತು. ಅದೂ ಜಾಸ್ತಿ ಆಯ್ತು ಅಂತ ದುಡ್ಡು ನೆದರ್‌ಲ್ಯಾಂಡ್ಸ್ ಹಾದು ಬರ್ಮುಡಾ ಸೇರುತ್ತಿತ್ತು, ಅಲ್ಲಿ ಆಗ ಕಂಪನಿ ತೆರಿಗೆಯೇ ಇರಲಿಲ್ಲ. 2017 ಒಂದರಲ್ಲೇ ಗೂಗಲ್ ಹೀಗೆ ದಾಟಿಸಿದ್ದು 1,990 ಕೋಟಿ ಯೂರೋ. 2020ರ ಹೊತ್ತಿಗೆ ಈ ದಾರಿ ಬಿಟ್ಟಿತು. ಆ್ಯಪಲ್‌ನದ್ದು ಇನ್ನೂ ಸೊಗಸು. ಯುರೋಪಿಯನ್ ಕಮಿಷನ್ ಪ್ರಕಾರ 2014ರಲ್ಲಿ ಅದರ ಒಂದು ಐರಿಷ್ ಕಂಪನಿ 10 ಲಕ್ಷ ಯೂರೋ ಲಾಭಕ್ಕೆ ಕಟ್ಟಿದ್ದು 50 ಯೂರೋ. 1,300 ಕೋಟಿ ಯೂರೋ ಬಾಕಿ ಕಟ್ಟಲೇಬೇಕೆಂದು ಯುರೋಪಿನ ಕೋರ್ಟು 2024ರಲ್ಲಿ ಹೇಳಿತು. ಆ ದುಡ್ಡು ನಮಗೆ ಬೇಡ ಅಂತ ಅಷ್ಟು ದಿನ ವಾದಿಸಿದ್ದು ಐರ್ಲೆಂಡ್ ಸರ್ಕಾರವೇ!

ಭಾರತ 2016ರಲ್ಲಿ ಇಂಥ ಜಾಹೀರಾತುಗಳ ಮೇಲೆ ಶೇ. 6ರ ಸಮೀಕರಣ ತೆರಿಗೆ ತಂದಿತ್ತು. 2025ರ ಏಪ್ರಿಲ್ 1ಕ್ಕೆ ಅದನ್ನೂ ತೆಗೆದುಬಿಟ್ಟಿತು. ಬದಲಿ ವ್ಯವಸ್ಥೆ ಜಾರಿಯಾಗುವ ಮೊದಲೇ ತೆಗೆದದ್ದು ಸರಿಯಲ್ಲ ಅಂತ ನಮ್ಮ ಅಭಿಪ್ರಾಯ. ಆ ಭಾರ ಕೊನೆಗೆ ಹೋಮ್‌ಸ್ಟೇಯವರ ತಲೆಗೇ ಬರ್ತದೆ ಅನ್ನುವ ವಾದದಲ್ಲಿ ಸ್ವಲ್ಪ ನಿಜವಿದೆ. ಈ ಕಂಪನಿಗಳು ನಮಗೆ ಕೆಲಸ ಕೊಡ್ತವೆ ಅನ್ನೋದೂ ನಿಜ. ಪ್ಲೇಸ್‌ಮೆಂಟಿಗೆ ಅವು ಬಂದರೆ ನಾವೇ ಸಾಲಿನಲ್ಲಿ ಮೊದಲು ನಿಲ್ತೇವೆ. ಆದರೆ ಆ ಸಂಬಳ ನಮ್ಮ ಕೈಗೆ ಬರೋದು ಟಿಡಿಎಸ್ ಕಟ್ ಆಗಿಯೇ.