ತೊಟ್ಟಿಲು ತೂಗಿದವರ ಟಿಪ್ಪಣಿ ಪುಸ್ತಕ

ನಿಗಾ. ಎಂಥ ಮೃದುವಾದ ಪದ ನೋಡಿ. ಹಸುಗೂಸಿನ ಮೇಲೆ ತಾಯಿ ಇಡುವುದೂ ನಿಗಾ, ಕೈದಿಯ ಮೇಲೆ ಜೈಲರ್ ಇಡುವುದೂ ನಿಗಾ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ರೊಂಗೆಲಾಪ್ ಎಂಬ ಹವಳದ ದಂಡೆಯ ಜನರ ಮೇಲೆ ಅಮೆರಿಕ ದಶಕಗಟ್ಟಲೆ ಇಟ್ಟದ್ದು ಯಾವ ನಿಗಾ?

1954ರ ಮಾರ್ಚ್ 1ರ ಬೆಳಿಗ್ಗೆ ಅದೇ ದ್ವೀಪಗಳ ಪೈಕಿ ಬಿಕಿನಿಯಲ್ಲಿ ಅಮೆರಿಕನ್ನರು 'ಬ್ರಾವೊ' ಎಂಬ ಹೈಡ್ರೋಜನ್ ಬಾಂಬ್ ಸಿಡಿಸಿದರು. ಆರು ಮೆಗಾಟನ್ ಆದೀತು ಎಂದು ಪಂಡಿತರು ಹಾಕಿದ್ದ ಲೆಕ್ಕ ತಪ್ಪಿ ಹದಿನೈದಾಯಿತು. ಹಿರೋಷಿಮಾದ ಸಾವಿರ ಪಟ್ಟು. ಬಾಂಬಿನೊಳಗಿನ ಲಿಥಿಯಂ-7 ಸುಮ್ಮನೆ ಕೂತಿರುತ್ತದೆ ಅಂದುಕೊಂಡಿದ್ದರು, ಅದು ಕೂರಲಿಲ್ಲ. ನೂರೈವತ್ತು ಕಿಲೋಮೀಟರ್ ಆಚೆಯ ರೊಂಗೆಲಾಪಿನಲ್ಲಿ ಕೆಲವೇ ತಾಸಿಗೆ ಬಿಳಿ ಪುಡಿ ಉದುರತೊಡಗಿತು. ಸುಟ್ಟ ಹವಳದ ಬೂದಿ. ಮಕ್ಕಳು ಅದರಲ್ಲಿ ಆಡಿದರು, ತಲೆಗೆ ಉಜ್ಜಿಕೊಂಡರು. ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು ಹಳದಿಯಾಯಿತು, ಅದನ್ನೇ ಕುಡಿದರು. ರಾತ್ರಿಗೆ ವಾಂತಿ, ಮೈಯೆಲ್ಲ ಉರಿ. ಆಮೇಲೆ ತಲೆ ನೇವರಿಸಿದರೆ ಕೂದಲು ಗೊಂಚಲಾಗಿ ಕೈಗೆ ಬಂತು.

ಪಕ್ಕದ ರೊಂಗೆರಿಕ್‌ನಲ್ಲಿದ್ದ 28 ಮಂದಿ ಅಮೆರಿಕನ್ ಸಿಬ್ಬಂದಿಯನ್ನು ಮರುದಿನವೇ ಕರೆದೊಯ್ದರು. ರೊಂಗೆಲಾಪಿಗೆ ಹಡಗು ಬಂದದ್ದು ಮೂರನೇ ತಾರೀಖಿಗೆ. ಐಲುಕ್ ಎಂಬ ಇನ್ನೊಂದು ದ್ವೀಪದ ಸುಮಾರು 400 ಜನರಿಗೆ ಹಡಗೇ ಬರಲಿಲ್ಲ, ಅಷ್ಟು ಜನರನ್ನು ಸಾಗಿಸುವುದು ತ್ರಾಸದಾಯಕವಂತೆ! ಬಾಂಬಿನ ಬಲ ಅಳೆಯಲು ಸಮುದ್ರದಲ್ಲಿ ಹಡಗುಗಳ ದಂಡನ್ನೇ ನಿಲ್ಲಿಸಿದ್ದವರು ಸ್ವಾಮಿ ಇವರು.

ವೈದ್ಯರು ಮಾತ್ರ ತಡಮಾಡಲಿಲ್ಲ. ಸ್ಥಳಾಂತರವಾದ ಕೆಲವೇ ದಿನಗಳಲ್ಲಿ 'ಪ್ರಾಜೆಕ್ಟ್ 4.1' ಶುರುವಾಯಿತು. ಗಣನೀಯ ಬೀಟಾ, ಗಾಮಾ ವಿಕಿರಣ ತಗುಲಿದ ಮನುಷ್ಯರ ಪ್ರತಿಕ್ರಿಯೆಯ ಅಧ್ಯಯನ ಅಂತ ಅದರ ಹೆಸರು. ಆ ಉದ್ದ ಹೆಸರಿನಲ್ಲಿ ಚಿಕಿತ್ಸೆ ಎಂಬ ಪದವಿಲ್ಲ. ಮುಂದೆ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ತಂಡ ವರ್ಷವರ್ಷ ಬಂತು. ಎದೆಯ ಮುಂದೆ ನಂಬರ್ ಹಲಗೆ ಹಿಡಿಸಿ ಫೋಟೋ, ಆಮೇಲೆ ತೂಕ, ರಕ್ತ, ಮೂತ್ರ. ದೇಹದೊಳಗಿನ ಸೀಸಿಯಂ ಎಣಿಸಲು 21 ಟನ್ ತೂಕದ ಉಕ್ಕಿನ ಕೋಣೆಯೊಂದನ್ನೇ ಹಡಗಿನ ಮೇಲೆ ತಂದರು. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ ಮೀನುಗಾರ ಅದರೊಳಗೆ ಹೋಗಿ ಕೂರಬೇಕು, ಯಂತ್ರ ಅವನ ಮೈಯನ್ನು ಓದುತ್ತದೆ. ಏನು ಓದಿತು ಎಂದು ಅವನ ಭಾಷೆಯಲ್ಲಿ ಅವನಿಗೆ ಹೇಳುವ ಯಂತ್ರ ಮಾತ್ರ ಅಲ್ಲಿರಲಿಲ್ಲ.

1956ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಸಭೆಯೊಂದರಲ್ಲಿ ಮೆರಿಲ್ ಐಸೆನ್‌ಬಡ್ ಎಂಬ ಅಧಿಕಾರಿ ಬಾಯಿಬಿಟ್ಟು ಹೇಳಿದ್ದ: ಈ ಜನ ನಮ್ಮ ಹಾಗೆ ನಾಗರಿಕರಲ್ಲ ನಿಜ, ಆದರೂ ಇಲಿಗಳಿಗಿಂತ ನಮಗೆ ಹತ್ತಿರದವರು. ಮರುವರ್ಷ ರೊಂಗೆಲಾಪಿನವರನ್ನು ಊರು ಸುರಕ್ಷಿತ ಎಂದು ವಾಪಸ್ ಬಿಟ್ಟರು. ಅವರು ಅಲ್ಲಿ ವಾಸವಿದ್ದರೆ ಮನುಷ್ಯರ ಬಗ್ಗೆ ಬೆಲೆಬಾಳುವ ಮಾಹಿತಿ ಸಿಗುತ್ತದೆ ಎಂದು ವೈದ್ಯರ ವರದಿಯಲ್ಲೇ ಬರೆದುಕೊಂಡರು. ಸ್ಫೋಟದ ದಿನ ಊರಲ್ಲಿರದಿದ್ದವರೂ ಮರಳಿದರು. ವಿಕಿರಣ ತಗುಲದವರು ಎಂದು ಹೋಲಿಕೆಗೆ ಇಟ್ಟುಕೊಂಡದ್ದು ಅವರನ್ನೇ! ಅದೇ ಮಣ್ಣು, ಅದೇ ತೆಂಗು, ಅದೇ ಏಡಿ ಅವರ ಊಟವೂ ಆಗಿತ್ತು.

1963ರಿಂದ ಕುತ್ತಿಗೆಯಲ್ಲಿ ಗಂಟುಗಳು. ಬೂದಿಯಲ್ಲಿ ಆಡಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಥೈರಾಯ್ಡ್ ಕೆಟ್ಟಿತು. ಮೂಳೆಯಿಲ್ಲದ, ಚರ್ಮದೊಳಗೆ ಎಲ್ಲ ಕಾಣುವ ಕೂಸುಗಳನ್ನು ಹೆತ್ತದ್ದನ್ನು ಹೆಂಗಸರು ಹೇಳಿದರು. 'ಜೆಲ್ಲಿಮೀನು ಕೂಸು' ಎಂಬ ಹೆಸರು ಆ ತಾಯಂದಿರೇ ಇಟ್ಟದ್ದು. ಊರಿನ ಮ್ಯಾಜಿಸ್ಟ್ರೇಟ್ ಜಾನ್ ಅಂಜೈನ್‌ರ ಮಗನಿಗೆ ಸ್ಫೋಟದ ದಿನ ಒಂದು ವರ್ಷ. 1972ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ಸತ್ತಾಗ ಹತ್ತೊಂಬತ್ತು.

ಆಪರೇಷನ್ ಮಾಡಿಸಿದರಲ್ಲ, ಮಾತ್ರೆ ಕೊಟ್ಟರಲ್ಲ ಎನ್ನುವವರಿದ್ದಾರೆ. ಹೌದು, ಕೊಟ್ಟರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ನಾವೂ ಕಂಡಿದ್ದೇವೆ. ಇವರು ತೂಗುತ್ತ ತೂಗುತ್ತ, ಕೂಸು ಎಷ್ಟು ಹೊತ್ತು ಅತ್ತಿತು ಎಂದು ಗಡಿಯಾರ ನೋಡಿ ಬರೆದುಕೊಂಡವರು.

ಬ್ರಾವೊ ಆದ ಮರುತಿಂಗಳೇ ಇಂಥ ಪರೀಕ್ಷೆ ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಹೇಳಿದ್ದರು. (ಇಪ್ಪತ್ತು ವರ್ಷಕ್ಕೆ ಪೋಖರಣದಲ್ಲಿ ನಾವೂ ಸಿಡಿಸಿದೆವು, ಅದಿರಲಿ.) ಯಾರು ಕೇಳಿದರು? 1946ರಿಂದ 1958ರವರೆಗೆ ಆ ದ್ವೀಪಗಳಲ್ಲಿ ಸಿಡಿದದ್ದು ಒಟ್ಟು 67.

ಕೊನೆಗೆ ಜನರೇ ಎದ್ದರು. ನಮ್ಮನ್ನು ಇಲ್ಲಿಂದ ಸಾಗಿಸಿ ಎಂದರೆ ಅಮೆರಿಕ ಒಪ್ಪಲಿಲ್ಲ. 1985ರ ಮೇ ತಿಂಗಳಲ್ಲಿ ಗ್ರೀನ್‌ಪೀಸ್‌ನ 'ರೇನ್‌ಬೋ ವಾರಿಯರ್' ಹಡಗು ಬಂತು. ತಮ್ಮ ಮನೆಗಳನ್ನು ತಾವೇ ಬಿಚ್ಚಿ, ಹಲಗೆ, ತಗಡು ಹೊತ್ತು, ಮುನ್ನೂರಕ್ಕೂ ಹೆಚ್ಚು ಜನ ಮೆಜಾಟೋ ಎಂಬ ಪುಟ್ಟ ನಡುಗಡ್ಡೆಗೆ ಹೋದರು.

2007ರಲ್ಲಿ ಮಾರ್ಷಲ್ ದ್ವೀಪಗಳ ಅಣು ಪರಿಹಾರ ನ್ಯಾಯಮಂಡಳಿ ರೊಂಗೆಲಾಪಿಗೆ ನೂರು ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಸಲ್ಲಬೇಕೆಂದು ತೀರ್ಪಿತ್ತಿತು. ಕೊಡಲು ಮಂಡಳಿಯ ನಿಧಿಯಲ್ಲಿ ದುಡ್ಡಿರಲಿಲ್ಲ.