ಹತ್ತೊಂಬತ್ತನೇ ಗೇಟು

ಸಂಬಳ ಬಂದ ದಿನವೇ ಮುಕ್ಕಾಲು ಪಾಲು ಊರಿಗೆ ಕಳಿಸಿ, ಉಳಿದದ್ದರಲ್ಲಿ ತಿಂಗಳು ತಳ್ಳೋ ಹುಡುಗನನ್ನು ನಮ್ಮ ಕಡೆ ‘ಬಂಗಾರದಂಥ ಮಗ’ ಅಂತಾರೆ. ತೋರಣಗಲ್ಲಿನಲ್ಲಿ ಇಂಥ ಬಂಗಾರ ಬೇಕಾದಷ್ಟಿದೆ. ಉಕ್ಕಿನ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ, ಒಂದು ರೂಮಿನಲ್ಲಿ ನಾಲ್ಕು ಜನ ಮಲಗಿ, ಹಲ್ಲುನೋವನ್ನು ಮಾತ್ರೆಯಲ್ಲೇ ಮುಂದೂಡುತ್ತಾ, ತಮ್ಮನ ಫೀಸು, ಅಕ್ಕನ ಸೀಮಂತ, ಮಾವನ ಬೋರ್‌ವೆಲ್ಲು ಎಲ್ಲಕ್ಕೂ ಕೊಡ್ತಾ ಇರೋರು. ಕೈ ಖಾಲಿಯಾದ ತಿಂಗಳು ಪರ್ಸನಲ್ ಲೋನು. ಬೆಂಗಳೂರಿನ ಟೆಕ್ ಪಾರ್ಕಲ್ಲಿ ಕೂತ ನಿಮಗೂ ಇದು ಹೊಸದಲ್ಲ, ಅಲ್ಲಿ ಕೆಂಪು ಧೂಳು ಇಲ್ಲ ಅಷ್ಟೆ.

ಇದನ್ನ ತ್ಯಾಗ ಅನ್ನೋದು ನಿಲ್ಲಿಸೋಣ. ಇದು ರಿಪೇರಿ ಮುಂದೂಡೋದು.

ಹೊಸಪೇಟೆ ಪಕ್ಕದಲ್ಲೇ ದೊಡ್ಡ ದಾನಿಯೊಂದು ನಿಂತಿದೆ, ತುಂಗಭದ್ರಾ ಅಣೆಕಟ್ಟು. 1953ರಿಂದ ಕೊಡ್ತಾನೇ ಇದೆ. ಇವತ್ತು ಅದರ ನೀರು ಮೂರು ರಾಜ್ಯಕ್ಕೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮು ತುಂಬಿ ನಿಂತಿದ್ದಾಗಲೇ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ತಾತ್ಕಾಲಿಕ ಗೇಟು ಕೂರಿಸೋಕೂ ತುಂಬಿದ ನೀರನ್ನ ನದಿಗೆ ಬಿಡಬೇಕಾಯ್ತು. ಆಮೇಲೆ ತಜ್ಞರು, 33 ಗೇಟುಗಳನ್ನೂ ಬದಲಿಸಬೇಕು ಅಂದರು. 105 ಟಿಎಂಸಿ ಹಿಡಿಯೋ ಡ್ಯಾಮಲ್ಲಿ 2025ರಲ್ಲಿ ನಿಲ್ಲಿಸಿದ್ದು 80 ಟಿಎಂಸಿ ಮಾತ್ರ. ಕೊನೆಗೆ ಗೇಟು ಹಾಕೋಕೆ ಜಾಗ ಬೇಕು ಅಂತ ಎರಡನೇ ಬೆಳೆಗೆ ನೀರೇ ಇಲ್ಲ ಅಂದ್ರು. ನೀರು ಬರ್ತಿದ್ದಾಗ ಚೈನಿನ ಬಗ್ಗೆ ನಮ್ಮಲ್ಲಿ ಎಷ್ಟು ಜನ ಕೇಳಿದ್ವಿ? ರಿಪೇರಿ ತಡವಾದದ್ದಕ್ಕೆ ನಷ್ಟ ತೆತ್ತವನು ನೀರು ಪಡೆಯಬೇಕಿದ್ದ ಭತ್ತದ ರೈತ.

ಸರಿ, ಡ್ಯಾಮು ಬಿಡಿ, ಕಂಪನಿ ನೋಡಿ. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸಿಎಸ್‌ಆರ್‌ಗೆ ಕೊಡಬೇಕಾದ್ದು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2. ನಿವ್ವಳ! ಸಂಬಳ, ಬಡ್ಡಿ, ಯಂತ್ರದ ಸವಕಳಿ ಎಲ್ಲಾ ಕಳೆದ ಮೇಲೆ. (ಸಂಡೂರಿನ ಬೆಟ್ಟ ನೋಡಿದವರಿಗೆ ಶೇ 2 ಏನೇನೂ ಸಾಲದು ಅನ್ನಿಸುತ್ತೆ, ಅದು ಬೇರೆ ಜಗಳ.) ಯಂತ್ರಕ್ಕೆ ಸವಕಳಿ ಲೆಕ್ಕ ಇದೆ. ಅದರ ಮುಂದೆ ರಾತ್ರಿಯೆಲ್ಲಾ ನಿಂತ ಬೆನ್ನಿಗೆ ಯಾಕಿಲ್ಲ?

ಸವಕಳಿ ಅಂದ ಕೂಡಲೇ ಸ್ಪಾ, ಗೋವಾ ಟ್ರಿಪ್ಪು, ಇಎಂಐನಲ್ಲಿ ಐಫೋನು ಅಂದ್ಕೋಬೇಡಿ. ‘ಸೆಲ್ಫ್ ಕೇರ್’ ಹೆಸರಲ್ಲಿ ಮಾರಾಟ ಆಗೋ ಮುಕ್ಕಾಲು ಪಾಲು ಸಾಮಾನು ಗೇಟಿಗೆ ಬಳಿಯೋ ಬಣ್ಣ. ಚೈನು ಅಂದ್ರೆ ಕಂಪನಿ ಬಿಟ್ಟರೂ ಉಳಿಯೋ ಆರೋಗ್ಯ ವಿಮೆ, ಆರು ತಿಂಗಳ ಖರ್ಚಿನ ದುಡ್ಡು, ಇನ್ನೊಂದು ಕೆಲಸ ಸಿಗೋ ಹಾಗೆ ಕಲಿತ ಒಂದು ಕೋರ್ಸು, ನಿದ್ದೆ.

‘ಅಮ್ಮನ ಔಷಧಿಗೂ ಕಾಯಿಸಬೇಕಾ?’ ಅಂತೀರಿ. ಖಂಡಿತ ಬೇಡ. ಕುಡಿಯೋ ನೀರು ಬೇರೆ, ಎರಡನೇ ಬೆಳೆ ಬೇರೆ. ಅಮ್ಮನ ಮಾತ್ರೆ, ತಂಗಿ ಕಾಲೇಜು ಕುಡಿಯೋ ನೀರು. ಮಾವನ ಮಗನ ಮದುವೆಗೆ ಎಸಿ ಹಾಲು ಕುಡಿಯೋ ನೀರಲ್ಲ, ಅದು ನಿಮ್ಮ ಹೆಸರಲ್ಲಿ ತೆಗೆದ ಸಾಲ. ಇಲ್ಲ ಅಂದಾಗ ‘ದುಡ್ಡು ಕಂಡು ಬದಲಾದ’ ಅಂತಾರೆ, ಅನ್ಲಿ. ಆದರೆ ಇಲ್ಲ ಅನ್ನೋದನ್ನ ಕೊನೇ ಗಳಿಗೆಯಲ್ಲಿ ಹೇಳಬೇಡಿ, ಸಸಿ ಮಡಿ ಹಾಕಿದ ಮೇಲೆ ನೀರಿಲ್ಲ ಅಂದ ಹಾಗಾಗುತ್ತೆ. ಹಾಲ್ ಬುಕ್ ಮಾಡೋ ಮುಂಚೆಯೇ ಫೋನ್ ಮಾಡಿ, ಈ ವರ್ಷ ನನ್ನ ಕೈಲಾಗೋದು ಇಷ್ಟು ಅಂತ ಮೊತ್ತ ಹೇಳಿಬಿಡಿ.