ಕೊಡುವ ಕೈಗೆ ಮೊದಲು ಕಟ್ಟಳೆ



ಕಳೆದ ತಿಂಗಳು ಭಕ್ತರೊಬ್ಬರ ಹೊಸ ಮನೆಯ ಗುರುಪ್ರವೇಶದ ನಿಮಿತ್ತ ಹೋಗಿದ್ದೆವು. ಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಕುಳಿತಿದ್ದಾಗ, ಪಡಸಾಲೆಯ ಒಂದು ಮೂಲೆಯಲ್ಲಿ ಆ ಮನೆಯ ಸೊಸೆ ತನ್ನ ಒಂದೂವರೆ ವರ್ಷದ ಮಗಳಿಗೆ ಅನ್ನ ಉಣಿಸುತ್ತಿದ್ದಳು. ಕೂಸಿನ ಎದುರು ನೀರಿನ ತಂಬಿಗೆಗೆ ಆನಿಸಿ ಒಂದು ಮೊಬೈಲನ್ನು ನಿಲ್ಲಿಸಿದ್ದರು. ಅದರೊಳಗೆ ಬಣ್ಣಬಣ್ಣದ ಗೊಂಬೆಗಳು ಕುಣಿಯುತ್ತಿದ್ದವು. ಕೂಸು ತಾಯಿಯ ಮುಖವನ್ನೂ ನೋಡುತ್ತಿರಲಿಲ್ಲ, ತುತ್ತನ್ನೂ ನೋಡುತ್ತಿರಲಿಲ್ಲ. ತುತ್ತು ತುಟಿಗೆ ತಾಗಿದಾಗ ಬಾಯಿ ತೆರೆಯುತ್ತಿತ್ತು, ಅಷ್ಟೇ.

ನಾವು ನೋಡುತ್ತಿರುವುದನ್ನು ಗಮನಿಸಿದ ಅಜ್ಜಿ ಸಂಕೋಚದಿಂದ, "ಏನು ಮಾಡೂದ್ರಿ ಅಜ್ಜಾರ, ಇದನ್ನ ಹಚ್ಚಿ ಕೊಡಲಿಲ್ಲಂದ್ರ ಒಂದು ತುತ್ತೂ ಒಳಗ ಹೋಗಂಗಿಲ್ಲ" ಎಂದರು. ಸೊಸೆ ತಲೆಯೆತ್ತದೆ, "ಡಾಕ್ಟರು ಬ್ಯಾಡ ಅಂದಾರ್ರಿ. ನಾ ಒಬ್ಬಾಕಿ ಬ್ಯಾಡಂದ್ರ ಮನ್ಯಾಗ ನಡಿಯಂಗಿಲ್ಲ" ಎಂದಳು. ಅತ್ತೆಯ ಮುಖ ಬಿಗಿಯಿತು. ಇಬ್ಬರ ನಡುವೆ ಸಿಕ್ಕಿಬಿದ್ದ ಮಗ ನಮ್ಮ ಕಡೆಗೆ ತಿರುಗಿ, "ದಿನಕ್ಕ ಎಷ್ಟು ಹೊತ್ತು ತೋರಿಸಿದ್ರ ನಡೀತದ, ನೀವರ ಒಂದು ಮಾತು ಹೇಳ್ರಿ ಅಜ್ಜಾರ" ಎಂದು ಕೇಳಿದ.

ಅಂದು ನಾವು ಉತ್ತರ ಹೇಳಲಿಲ್ಲ. ಮುಂದೊಮ್ಮೆ ಹೇಳುವೆವೆಂದು ತಪ್ಪಿಸಿಕೊಂಡೆವು. ಅದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ನಮ್ಮ ಮಗಳ ಮಗ, ಎರಡು ವರ್ಷದವನು, ನಮ್ಮಲ್ಲಿಗೆ ಬಂದು ಒಂದು ತಿಂಗಳು ಇದ್ದ. ಮುಂಜಾನೆ ನಾವು ಲಿಂಗಪೂಜೆಗೆ ಕುಳಿತೊಡನೆ ಬಂದು ತೊಡೆಯೇರುತ್ತಿದ್ದ, ವಿಭೂತಿಯ ಗಟ್ಟಿಗೆ ಕೈ ಹಾಕುತ್ತಿದ್ದ, ಪತ್ರಿ ಚೆಲ್ಲುತ್ತಿದ್ದ. ಪೂಜೆಗೆ ಭಂಗ ಬರಬಾರದೆಂದು ನಾವೇ ಮೊಬೈಲನ್ನು ಅವನ ಕೈಗಿತ್ತು ಆಚೆ ಕೂರಿಸಿದೆವು. ಮನೆಯಲ್ಲಿ ಶಾಂತಿ ನೆಲೆಸಿತು. ಒಂದು ವಾರ ಕಳೆಯುವಷ್ಟರಲ್ಲಿ, ನಾವು ಹಣೆಗೆ ವಿಭೂತಿ ಧರಿಸುವುದನ್ನು ಕಂಡೊಡನೆ ಅವನು ಓಡಿಬಂದು ಕೈ ಚಾಚಲಾರಂಭಿಸಿದ. ಮೊದಲು ನಮಗೆ ಆನಂದವಾಯಿತು. ಬಳಿಕ ತಿಳಿಯಿತು: ಆ ಕೈ ಚಾಚಿದ್ದು ವಿಭೂತಿಗಾಗಿ ಅಲ್ಲ, ಮೊಬೈಲಿಗಾಗಿ. ಅಜ್ಜನ ಪೂಜೆಯೆಂದರೆ ಮೊಬೈಲಿನ ಹೊತ್ತೆಂದು ಆ ಎಳೆಯ ಮನಸ್ಸಿಗೆ ಕಲಿಸಿದವರು ನಾವೇ. ಹೀಗಿರುವಾಗ ಅನ್ಯರ ಮನೆಯಲ್ಲಿ ಕುಳಿತು ಉಪದೇಶ ಮಾಡಲು ನಾಲಿಗೆ ಏಳಲಿಲ್ಲ. ಆದುದರಿಂದ ಈ ಸಲದ ಬರಹವನ್ನು ಆ ಕುಟುಂಬಕ್ಕೆ ಕೊಡಬೇಕಾಗಿದ್ದ ಉತ್ತರವೆಂದೂ, ನಮ್ಮ ತಪ್ಪಿನ ಒಪ್ಪಿಗೆಯೆಂದೂ ವಾಚಕರು ತಿಳಿಯಬೇಕು.

ಮೊದಲು ಬಲ್ಲವರ ಮಾತನ್ನು ಕೇಳೋಣ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಐದು ವರ್ಷದೊಳಗಿನ ಮಕ್ಕಳ ಆಟ, ನಿದ್ರೆ ಮತ್ತು ಕುಳಿತು ಕಳೆಯುವ ಹೊತ್ತನ್ನು ಕುರಿತು ಸೂಚನೆಗಳನ್ನು ಹೊರಡಿಸಿತು. ಅದರ ಪ್ರಕಾರ ಎರಡು ವರ್ಷ ತುಂಬದ ಕೂಸುಗಳಿಗೆ ಪರದೆಯ ನೋಟ ಸಲ್ಲದು. ಪರದೆಯೆಂದರೆ ಮೊಬೈಲು, ಟಿ.ವಿ., ಟ್ಯಾಬು ಎಲ್ಲವೂ ಸೇರಿದವು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಲೇಸು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ೨೦೨೨ರಲ್ಲಿ ಪ್ರಕಟಿಸಿದ ಸೂಚನೆಗಳೂ ಇದನ್ನೇ ಹೇಳುತ್ತವೆ: ಎರಡು ವರ್ಷದವರೆಗೆ ಬೇಡ, ದೂರದ ಬಂಧುಗಳೊಡನೆ ಆಗಾಗ ಮಾಡುವ ವಿಡಿಯೋ ಕರೆಯೊಂದನ್ನು ಬಿಟ್ಟು, ಎರಡರಿಂದ ಐದರವರೆಗೆ ಹಿರಿಯರ ಕಣ್ಣೆದುರಿನಲ್ಲಿ ಗರಿಷ್ಠ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ. ದೂರದ ಸ್ವೀಡನ್ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯೂ ೨೦೨೪ರಲ್ಲಿ ಎಳೆಯ ಮಕ್ಕಳಿಗೆ ಹೆಚ್ಚುಕಡಿಮೆ ಇದೇ ಅಳತೆಯನ್ನು ಹಾಕಿಕೊಟ್ಟಿತು.

ಈ ಅಳತೆ ಏಕೆಂದು ತಿಳಿಯದೆ ಪಾಲಿಸುವುದು ಕಷ್ಟ. ಮಗು ಮಾತು ಕಲಿಯುವುದು ಬರಿಯ ಕಿವಿಯಿಂದಲ್ಲ, ಎದುರಿನವರ ಮುಖದಿಂದ. ಅದು "ಅವ್" ಎಂದರೆ ತಾಯಿ "ಅವ್ವಾ ಅಂತೀ ಏನ, ಬಂಗಾರಾ" ಎಂದು ಮರುನುಡಿಯುತ್ತಾಳೆ. ಅದು ಬೆರಳು ತೋರಿದತ್ತ ನೋಡಿ, "ಗುಬ್ಬಿ ನೋಡು, ಗುಬ್ಬಿ" ಎನ್ನುತ್ತಾಳೆ. ಈ ಕೊಡುಕೊಳ್ಳುವಿಕೆಯೇ ಭಾಷೆಯ ಬೇರು. ೨೦೦೩ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದುಷಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳೊಡನೆ ಚೀನೀ ಭಾಷೆಯವರು ೧೨ ಬಾರಿ ಎದುರು ಕುಳಿತು ಮಾತಾಡಿ ಆಡಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಬೇರೆ ಕೂಸುಗಳಿಗೆ ಅದೇ ಮಾತುಗಳನ್ನು ಪರದೆಯ ಮೇಲೆ ತೋರಿಸಿದರು, ಅವು ಕಲಿಯಲಿಲ್ಲ. ಮಾತು ಅದೇ, ಮಾತಾಡಿದವರೂ ಅವರೇ. ಇಲ್ಲದೆ ಹೋದದ್ದು ಕೂಸಿಗೆ ಓಗೊಡುವ ಜೀವ. ಜೋಗುಳ ಹಾಡುತ್ತ, ಬೀಸುತ್ತ, ರೊಟ್ಟಿ ಬಡಿಯುತ್ತ ಮಕ್ಕಳೊಡನೆ ಮಾತಾಡಿದ ನಮ್ಮ ಅಜ್ಜಿಯರು ಈ ಪ್ರಯೋಗವನ್ನು ಓದಿರಲಿಲ್ಲ. ಆದರೆ ಅದರ ಫಲವನ್ನು ಅರಿತಿದ್ದರು.

ಎರಡನೆಯದು ಹೊತ್ತಿನ ಲೆಕ್ಕ. ಅದೇ ೨೦೧೯ರ ಸೂಚನೆಗಳಲ್ಲಿ, ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ ೧೮೦ ನಿಮಿಷ ಓಡಾಡಿ, ಕುಣಿದು, ಆಡಬೇಕೆಂದಿದೆ. ಮೂರು ನಾಲ್ಕು ವರ್ಷದವರು ೧೦ರಿಂದ ೧೩ ಗಂಟೆ ನಿದ್ರಿಸಬೇಕೆಂದಿದೆ. ಹಗಲು ಯಾರಿಗೂ ಹಿಗ್ಗುವುದಿಲ್ಲ. ಪರದೆಗೆ ಕೊಟ್ಟ ಹೊತ್ತು ಆಟದಿಂದಲೋ, ನಿದ್ರೆಯಿಂದಲೋ, ಮಾತಿನಿಂದಲೋ ಕಡಿತವಾಗಲೇಬೇಕು. ಮಲಗುವ ಮುನ್ನ ಕಣ್ಣಿಗೆ ಬೀಳುವ ಹೊಳಪು ನಿದ್ರೆಯನ್ನು ಮುಂದಕ್ಕೆ ತಳ್ಳುತ್ತದೆ. ಹೊರಗಿನ ಬೆಳಕಿನಲ್ಲಿ ಆಡದೆ ಸಮೀಪದ ವಸ್ತುವನ್ನೇ ನೋಡುತ್ತಿರುವ ಮಕ್ಕಳಲ್ಲಿ ದೂರದೃಷ್ಟಿ ಮಂಕಾಗುವ ದೋಷ ಹೆಚ್ಚೆಂದು ನೇತ್ರವೈದ್ಯರು ಹೇಳುತ್ತಾರೆ. ಇನ್ನು ಪರದೆ ನೋಡುತ್ತ ಉಣ್ಣುವ ಮಗುವಿಗೆ ಹಸಿವು ಯಾವುದು, ತೃಪ್ತಿ ಯಾವುದು ಎಂಬುದರ ಪರಿವೆಯೇ ಉಳಿಯುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ತಟ್ಟೆಯನ್ನೇ ನೋಡದ ಮಗು ಊಟವನ್ನು ಬಲ್ಲುದು ಹೇಗೆ?

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿತು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಸೇರಿದ್ದವು. ನಾವು ಆಗ ಮಠದ ಪಾಠಶಾಲೆಯ ವಿದ್ಯಾರ್ಥಿ. ನಮ್ಮ ಸೋದರಮಾವನ ಹಳ್ಳಿಗೆ ಅಂಥದೊಂದು ಪೆಟ್ಟಿಗೆ ಬಂದಿತ್ತು. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಂಥ ತಂತಿಯ ದೊಡ್ಡ ಬುಟ್ಟಿ. ಒಳಗೆ ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಮಾಸ್ತರರ ಹತ್ತಿರ. ಮುಂಜಾನೆ ಶಾಲೆಯ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಸುಮಾರು ೨೨ ನಿಮಿಷದ ಕಾರ್ಯಕ್ರಮ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ ಮೊದಲಾದವು. ಮಕ್ಕಳೆಲ್ಲ ಸಾಲಾಗಿ ಕುಳಿತು ನೋಡುತ್ತಿದ್ದರು. ಮುಗಿದ ಮೇಲೆ ಮಾಸ್ತರರು "ಏನು ನೋಡಿದಿರಿ, ಹೇಳ್ರಿ" ಎಂದು ಕೇಳುತ್ತಿದ್ದರು. ಬಳಿಕ ಪೆಟ್ಟಿಗೆಗೆ ಬೀಗ ಬೀಳುತ್ತಿತ್ತು, ಮಕ್ಕಳು ಬಯಲಿಗೆ ಓಡುತ್ತಿದ್ದರು. ಇನ್ನೂ ಬೇಕೆಂದು ಹಟ ಹಿಡಿದವರನ್ನು ನಾವು ಕಾಣೆವು. ಬೀಗ ಬೀಳುವ ಹೊತ್ತು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಅದರಲ್ಲಿ ಮೂರು ಸಂಗತಿಗಳಿದ್ದವು: ಗೊತ್ತಾದ ಹೊತ್ತು, ಜೊತೆಗೆ ಕುಳಿತ ಹಿರಿಯರು, ನೋಡಿದ ಮೇಲಿನ ಮಾತು. ಇಂದಿನ ಮಕ್ಕಳ ವೈದ್ಯರು ಎರಡು ದಾಟಿದ ಮಕ್ಕಳ ವಿಷಯದಲ್ಲಿ ಹೇಳುತ್ತಿರುವುದೂ ಬಹುಪಾಲು ಇದನ್ನೇ. ವ್ಯತ್ಯಾಸವೆಂದರೆ, ಆ ಪೆಟ್ಟಿಗೆ ಊರಿಗೆ ಒಂದು; ಇಂದಿನದು ಪ್ರತಿಯೊಬ್ಬರ ಕಿಸೆಯಲ್ಲಿ. ಅಂದು ಕಾರ್ಯಕ್ರಮವೇ ಮುಗಿಯುತ್ತಿತ್ತು. ಇಂದಿನ ಮೊಬೈಲಿನಲ್ಲಿ ಒಂದು ಮುಗಿಯುವ ಮುನ್ನ ಇನ್ನೊಂದು ತಾನಾಗಿ ತೆರೆಯುತ್ತದೆ. ಮುಗಿಸುವ ಕೆಲಸವನ್ನು ಯಂತ್ರವು ಮಾಡದಿದ್ದ ಮೇಲೆ ಹಿರಿಯರೇ ಮಾಡಬೇಕು. ಎರಡು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ವಾಚಕರು ಕೇಳಬಹುದು: "ಹೇಳುವುದು ಸುಲಭ, ಒಬ್ಬಳೇ ಇರುವ ತಾಯಿ ಒಲೆಯ ಮುಂದೆ ನಿಂತಾಗ ಕೂಸನ್ನು ಯಾರು ನೋಡಬೇಕು?" ಈ ಪ್ರಶ್ನೆ ಸಾಚಾ ಆದುದು. ಹಿಂದೆ ತುಂಬಿದ ಮನೆಯಲ್ಲಿ ಹತ್ತು ತೊಡೆಗಳಿದ್ದವು. ಇಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಎರಡು ಕೋಣೆಯ ಮನೆಯಲ್ಲಿ ದುಡಿದು ಬಂದ ಗಂಡ ಹೆಂಡತಿ, ನಡುವೆ ಒಂದು ಕೂಸು. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪಾಠವೇ ಮೊಬೈಲಿಗೆ ಬಂದಿತು. ಬೇಡವೆನ್ನುತ್ತಿದ್ದ ತಂದೆತಾಯಿಗಳೇ ಕೊಂಡು ತಂದು ಕೊಡಬೇಕಾಯಿತು. ಆ ಸಂಕಟಕಾಲದಲ್ಲೂ, ೨೦೨೦ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಜ್ಞಾತಾ' ಸೂಚನೆಗಳು ಶಿಶುವರ್ಗದವರಿಗೆ ದಿನಕ್ಕೆ ೩೦ ನಿಮಿಷ ಮೀರಬಾರದೆಂದೂ, ಅದೂ ಪಾಲಕರಿಗೆ ಮಾರ್ಗದರ್ಶನ ಮಾಡಲಿಕ್ಕೆಂದೂ ಹೇಳಿದ್ದವು. ಆದುದರಿಂದ ತಾಯಂದಿರನ್ನು ಹಳಿಯಲು ನಾವು ಈ ಬರಹ ಬರೆಯುತ್ತಿಲ್ಲ. ಒಂದು ದಿನ ಜ್ವರದ ಮಗುವನ್ನು ಬಸ್ಸಿನಲ್ಲಿ ಸಮಾಧಾನಪಡಿಸಲು ಹತ್ತು ನಿಮಿಷ ತೋರಿಸಿದರೆ ಮಗು ಕೆಡುವುದಿಲ್ಲ. ಕೆಡಿಸುವುದು ರೂಢಿ.

ನಾವು ಹೇಳಬೇಕೆಂದಿರುವುದು ಇಷ್ಟು. ಒಂದೂವರೆ ವರ್ಷದ ಕೂಸು ತಾನಾಗಿ ಮೊಬೈಲನ್ನು ಕೊಂಡು ತರುವುದಿಲ್ಲ. ಯಾರೋ ಹಿರಿಯರು ತಮ್ಮ ಅಗತ್ಯಕ್ಕಾಗಿ ಕೊಡುತ್ತಾರೆ. ಬೇಗ ಉಣಿಸಿ ಮುಗಿಸುವ ಅಗತ್ಯ, ಮಾತು ನಿರ್ವಿಘ್ನವಾಗಿ ಸಾಗುವ ಅಗತ್ಯ, ಪೂಜೆ ಸಾಗುವ ಅಗತ್ಯ. ಆದುದರಿಂದ 'ಮಗು ಎಷ್ಟು ಹೊತ್ತು ನೋಡಬೇಕು' ಎಂದು ಕೇಳುವ ಮುನ್ನ 'ನಾವು ಯಾವಾಗ, ಯಾಕೆ ಕೊಡುತ್ತಿದ್ದೇವೆ' ಎಂದು ಕೇಳಿಕೊಳ್ಳಬೇಕು. ಕಟ್ಟಳೆ ಮೊದಲು ಬೀಳಬೇಕಾದುದು ಕೊಡುವ ಕೈಗೆ.

ಈ ಕಟ್ಟಳೆಯನ್ನು ಒಬ್ಬರೇ ಮಾಡಲಾಗದು. ಸೊಸೆ ಬೇಡವೆಂದು, ಅತ್ತೆ ಕನಿಕರದಿಂದ ಕೊಟ್ಟು, ಮಾವ ಸುಮ್ಮನಿದ್ದು, ಗಂಡ ತನ್ನ ಮೊಬೈಲಿನಲ್ಲೇ ಮುಳುಗಿದ್ದರೆ ಮಗು ಕಲಿಯುವುದು ಒಂದೇ: ಯಾರ ಬಳಿ ಅತ್ತರೆ ಕೆಲಸವಾಗುತ್ತದೆ ಎಂಬುದು. ಮನೆಯವರೆಲ್ಲ ಒಂದು ಸಂಜೆ ಕೂಡಿ ಕುಳಿತು ನಿಶ್ಚಯಿಸಬೇಕು. ಎರಡು ವರ್ಷ ತುಂಬುವವರೆಗೆ ಬೇಡ. ಪರಸ್ಥಳದಲ್ಲಿರುವ ಅಜ್ಜ ಅಜ್ಜಿಯರ ಮುಖ ತೋರಿಸುವ ಕರೆಗೆ ಅಡ್ಡಿಯಿಲ್ಲ, ಅಲ್ಲಿ ಎದುರಿನ ಮುಖ ಓಗೊಡುತ್ತದೆ. ಎರಡು ದಾಟಿದವರಿಗೆ ಗೊತ್ತುಪಡಿಸಿದ ಒಂದು ಹೊತ್ತು, ಒಂದು ಗಂಟೆಯ ಒಳಗೆ, ಹಿರಿಯರೊಬ್ಬರ ಜೊತೆಯಲ್ಲಿ. ಉಣ್ಣುವಾಗ ಇಲ್ಲ, ಮಲಗುವ ಮುಂಚಿನ ಒಂದು ಗಂಟೆ ಇಲ್ಲ. ಈ ಎರಡು ಕಟ್ಟಳೆಗಳು ಮನೆಯ ದೊಡ್ಡವರಿಗೂ ಅನ್ವಯಿಸಬೇಕು. ಉಣ್ಣುವಾಗ ತಂದೆಯ ಎಡಗೈಯಲ್ಲಿ ಮೊಬೈಲಿದ್ದರೆ ಮಗನಿಗೆ ಹೇಳಿದ ಮಾತಿಗೆ ಬೆಲೆಯಿಲ್ಲ. ಅತ್ತೆಯಂದಿರಿಗೆ ನಮ್ಮದೊಂದು ವಿನಂತಿ: ಸೊಸೆ ವೈದ್ಯರ ಮಾತನ್ನು ಹೇಳಿದಾಗ ಅದನ್ನು ಎದುರುತ್ತರವೆಂದು ತಿಳಿಯಬೇಡಿರಿ. ಸೊಸೆಯಂದಿರಿಗೂ ಒಂದು ಮಾತು: ಬೇಡವೆಂದು ಹೇಳಿ ನಿಲ್ಲದೆ, ಅತ್ತೆಗೆ ಬರುವ ಕಥೆ, ಒಗಟು, ಹಾಡುಗಳಿಗೆ ಆ ಹೊತ್ತನ್ನು ಒಪ್ಪಿಸಿರಿ.

ಬಿಡಿಸುವಾಗ ಮಗು ಅಳುತ್ತದೆ, ಇದನ್ನು ಮರೆಮಾಚುವುದಿಲ್ಲ. ದೀಪಾವಳಿಗೆ ನಮ್ಮ ಮೊಮ್ಮಗ ಮತ್ತೆ ಬಂದ. ಈ ಸಲ ಪೂಜೆಗೆ ಮುನ್ನ ಮೊಬೈಲನ್ನು ಮಾಡದ ಮೇಲಿಟ್ಟೆವು. ಮೂರು ದಿನ ಅತ್ತ, ನೆಲಕ್ಕೆ ಬಿದ್ದು ಹೊರಳಿದ. ಒಂದು ದಿನ ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಬೇಕಾಯಿತು. ನಾಲ್ಕನೆಯ ದಿನ ಅವನ ಮುಂದೆ ಒಂದು ಚಿಕ್ಕ ತಾಟಿನಲ್ಲಿ ಪತ್ರಿಯನ್ನೂ ವಿಭೂತಿಯ ಒಂದು ಚೂರನ್ನೂ ಇಟ್ಟೆವು. ಪತ್ರಿಯನ್ನು ಒಂದೊಂದಾಗಿ ನಮ್ಮ ಕೈಗೆ ಕೊಡುತ್ತ, ವಿಭೂತಿಯನ್ನು ಮುಖಕ್ಕೆಲ್ಲ ಬಳಿದುಕೊಂಡು, ತಾಟಿಗೂ ಬಳಿದ. ನಾವು ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿದಾಗ ತನ್ನ ಬರಿಯ ಅಂಗೈಯನ್ನು ತಾನೂ ಮುಖದೆದುರು ಹಿಡಿದು ನೋಡಿದ. ಆಮೇಲೆ ಬೇಸರವಾಗಿ ಎದ್ದುಹೋದ. ಪೂಜೆ ದಿನವೂ ಹತ್ತು ನಿಮಿಷ ತಡವಾಯಿತು. ತಡವಾಗಲಿ ಎಂದು ನಮ್ಮ ಮನೆಯವರೆಲ್ಲ ಒಪ್ಪಿಕೊಂಡಿದ್ದೇವೆ.

ಗುರುಪ್ರವೇಶದ ಆ ಮನೆಯ ತಮ್ಮನಿಗೆ ನಮ್ಮ ಉತ್ತರ ಇದು: ನಿನ್ನ ಮಗಳಿಗೆ ಎರಡು ತುಂಬುವವರೆಗೆ ಬೇಡಪ್ಪಾ. ಕೆಲವು ದಿನ ತುತ್ತು ಕಡಿಮೆ ಇಳಿದೀತು. ಹಸಿದಾಗ ಕೂಸು ತಾನೇ ತಾಯಿಯ ಮುಖ ನೋಡುತ್ತದೆ. ಆಗ ಎದುರಿಗೆ ತಾಯಿ ಇರುವಂತೆ, ಅಥವಾ ಅಜ್ಜಿ ಇರುವಂತೆ, ಅಥವಾ ನೀನೇ ಇರುವಂತೆ ನೋಡಿಕೊಳ್ಳುವುದು ನಿನ್ನ ಕೆಲಸ.